ತಾನೇ ಏಳುತ್ತಿದ್ದ ಡಿಕ್ಕಿ

ಕಾರಿನ ಡಿಕ್ಕಿಯ ಬಾಗಿಲು ಬೀಳುವ ಮುಂಚೆ ಸದ್ದು ಮಾಡುವುದಿಲ್ಲ. ತೆರೆಯುವಾಗ ಮಾಡುತ್ತದೆ, ಮುಚ್ಚುವಾಗ ಮಾಡುತ್ತದೆ. ಎತ್ತಿ ಹಿಡಿಯಬೇಕಾದ ಶಾಕರಿನ ಜೀವ ಹೋದ ಬಾಗಿಲು ಮಾತ್ರ ಸುಮ್ಮನೆ ನಿಂತಿರುತ್ತದೆ, ಸುಮ್ಮನೆ ಇಳಿಯುತ್ತದೆ. ನನ್ನ ಕೈಯಲ್ಲಿ ಎಷ್ಟೋ ಗಾಡಿಗಳು ರಿಪೇರಿಯಾಗಿ ಹೋಗಿವೆ. ಹೆಚ್ಚಿನವು ನೆನಪಿಲ್ಲ. ಅಕ್ಕನ ಗಾಡಿ ಮರೆಯಲು ಬಿಡುವುದಿಲ್ಲ.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಕಲಬುರಗಿಯ ನಂದೂರಿನಲ್ಲಿ, ಬೇಳೆ ಗಿರಣಿಗಳ ಸಾಲು ಮುಗಿಯುವಲ್ಲಿ, ನನ್ನದೊಂದು ತಗಡಿನ ಶೆಡ್ಡು ಇದೆ. ಲಾರಿಗಳಿಗೆ, ಟ್ರ್ಯಾಕ್ಟರಿನ ಟ್ರ್ಯಾಲಿಗಳಿಗೆ ಪಾಟಾ ಕಟ್ಟುತ್ತೇನೆ. ಪಾಟಾ ಎಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳು. ಒಂದು ಸ್ಪ್ರಿಂಗು ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂಬುದು ನನಗೆ ಕೈಯಿಂದಲೇ ತಿಳಿಯುತ್ತದೆ. ಓದು ಹತ್ತಲಿಲ್ಲ ಎಂದು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೈದವಳು ಅಕ್ಕನೇ.

ಅಕ್ಕನನ್ನು ಕಮಲಾಪುರಕ್ಕೆ ಕೊಟ್ಟಿದೆ. ಅವಳ ಗಂಡ ಮಾಮಾನಿಗೆ ಅಲ್ಲಿ ಬಾಳೆಯ ತೋಟ. ಅಲ್ಲಿಯ ಕೆಂಪು ಬಾಳೆಹಣ್ಣನ್ನು ಹಳೆಯ ಸಣ್ಣ ಕಾರಿನಲ್ಲಿ ತುಂಬಿಕೊಂಡು, ತಾನೇ ಓಡಿಸಿಕೊಂಡು, ಅಕ್ಕ ಕಲಬುರಗಿಯ ದರ್ಗಾ ಇರುವ ರೋಜಾಕ್ಕೆ ಬರುತ್ತಿದ್ದಳು. ದರ್ಗಾಕ್ಕೆ ಬಂದವರು, ಲಾಡ್ಜಿನಲ್ಲಿ ಇಳಿದವರು ಕೊಳ್ಳುತ್ತಿದ್ದರು. ಡಿಕ್ಕಿಯೇ ಅವಳ ಅಂಗಡಿ. ಆದರೆ ಆ ಗಾಡಿಯ ಡಿಕ್ಕಿ ತಾನಾಗಿ ನಿಲ್ಲುತ್ತಿರಲಿಲ್ಲ. ಎತ್ತಿ, ಕೆಳಗೆ ಕೋಲು ಕೊಡಬೇಕು. ಹಿಂದೆ ಬಾವಿಯ ಮೆಟ್ಟಿಲ ಮೇಲೆ ಬಿದ್ದಾಗಿನಿಂದ ಅಕ್ಕನ ಎಡಗೈ ಎದೆಯಿಂದ ಮೇಲೆ ಏಳುವುದಿಲ್ಲ. ಗೇರು ಹಾಕಲು ಬರುತ್ತದೆ, ಅಷ್ಟೇ. ಬಲಗೈ ಬಾಗಿಲು ಹಿಡಿದರೆ ಕೋಲು ಕೊಡಲು ಇನ್ನೊಂದು ಕೈ ಇಲ್ಲ. ದಿನಾ ಯಾರನ್ನಾದರೂ ಕರೆಯಬೇಕು. ಹೆಚ್ಚಾಗಿ ಪಕ್ಕದಲ್ಲಿ ಹೂವಿನ ಚಾದರ ಮಾರುವವನು ಬರುತ್ತಿದ್ದ.

"ಆಪಾ, ನಿಮ್ಮ ಡಿಕ್ಕಿ ಎತ್ತಿ ಎತ್ತಿ ನಾ ಪೈಲ್ವಾನ್ ಆಗಾಕತ್ತೀನಿ ನೋಡ್ರಿ," ಎನ್ನುತ್ತಿದ್ದ.

"ಪೈಲ್ವಾನಗ ದಿನಾ ಬಾಳಿಹಣ್ಣು ತಿನ್ನಸಾಕತ್ತೀನಲ್ಲ, ಸುಮ್ಕ ಎತ್ತು," ಎನ್ನುತ್ತಿದ್ದಳು ಅಕ್ಕ.

ನಗುತ್ತಲೇ ಹೇಳುತ್ತಿದ್ದಳು. ಆದರೆ ಒಂದು ಮಧ್ಯಾಹ್ನ ನನ್ನ ಶೆಡ್ಡಿಗೆ ಬಂದವಳು ನೀರು ಕೂಡ ಕುಡಿಯದೆ ಹೇಳಿದಳು: "ಐವಾನ್-ಎ-ಶಾಹಿ ಗೆಸ್ಟ್ ಹೌಸ್ ಕಡೆ ಒಂದು ದೊಡ್ಡ ಗಾಡಿ ನೋಡಿದೆ. ಡಿಕ್ಕಿ ತಾನs ಎದ್ದು ನಿಂತಿತು ತಮ್ಮಾ. ಯಾರೂ ಮುಟ್ಟಲಿಲ್ಲ. ನಂದೂ ಹಂಗ ಮಾಡ್ತೀಯೇನು? ಮಂದೀನ ಕರದು ಕರದು ಸಾಕಾಗ್ಯದ ನನಗ."

"ಅದಕ್ಕ ಮೋಟರ್ ಇರ್ತದ, ಕರೆಂಟ್ ಬೇಕು. ನಿನ್ನ ಬ್ಯಾಟರಿ ಹಾರನ್ನಿಗೇ ಅಳ್ತದ."

"ಕರೆಂಟ್ ಇಲ್ಲದ ಆಗಂಗಿಲ್ಲೇನು?"

ನನ್ನ ಕೈಕೆಲಸದ ಮೇಲೆ ಭರವಸೆಯಿಟ್ಟು ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಆಗುತ್ತದೆ ಎಂದೆ.

ಹಳೆಯ ಶಾಕರುಗಳನ್ನು ತೆಗೆದು, ಭಾರವಾದ ಬಾಗಿಲಿರುವ ದೊಡ್ಡ ಗಾಡಿಯ ಹೊಸ ಶಾಕರುಗಳನ್ನು ತಂದೆ. ಈ ಶಾಕರ್ ಒಂದು ಮುಚ್ಚಿದ ಕೊಳವೆ. ಒಳಗೆ ಒತ್ತಿ ತುಂಬಿದ ಗ್ಯಾಸು, ಸ್ವಲ್ಪ ಎಣ್ಣೆ. ಕೊಳವೆಯ ಬಾಯಿಯಿಂದ ಕನ್ನಡಿಯಂತೆ ಹೊಳೆಯುವ ಸರಳು ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಆ ಬಾಯಿಯಲ್ಲಿ ಒಂದು ರಬ್ಬರಿನ ಉಂಗುರ. ಗ್ಯಾಸನ್ನು ಹಿಡಿದಿಟ್ಟಿರುವುದು ಅದೊಂದೇ. ಡಿಕ್ಕಿಯ ಎರಡೂ ಪಕ್ಕಕ್ಕೆ ಪಟ್ಟಿ ಬೆಸೆದು ಶಾಕರುಗಳನ್ನು ಕೂಡಿಸಿದೆ. ಬಾಗಿಲಿನ ಕೆಳಗಿನ ತುದಿಯಲ್ಲಿ, ರಬ್ಬರಿನ ಗುಂಡಿಗಳಿದ್ದ ಜಾಗದಲ್ಲಿ, ಎರಡು ಗಟ್ಟಿ ಸ್ಪ್ರಿಂಗು ಇಟ್ಟೆ. ಡ್ರೈವರ್ ಸೀಟಿನಿಂದ ಬೀಗದವರೆಗೆ ಬೈಕಿನ ಕ್ಲಚ್ ವಾಯರು ಎಳೆದೆ. ಹಿಡಿಕೆ ಎಳೆದರೆ ಬೀಗ ಬಿಡುತ್ತದೆ, ಸ್ಪ್ರಿಂಗು ಬಾಗಿಲನ್ನು ಗೇಣಿನಷ್ಟು ಚಿಮ್ಮಿಸುತ್ತದೆ, ಅಲ್ಲಿಂದ ಮುಂದೆ ಶಾಕರು ಎತ್ತುತ್ತದೆ. ಮುಚ್ಚುವುದಕ್ಕೆ ಒಳಗೊಂದು ಹಗ್ಗ ಕಟ್ಟಿದೆ, ಬಲಗೈಯಿಂದ ಜೋತು ಎಳೆಯುವಂತೆ.

ಮೊದಲ ಸಲ ಅಕ್ಕ ಹಿಡಿಕೆ ಎಳೆದಾಗ ನಾನು ಹಿಂದೆ ಬಗ್ಗಿ ನೋಡುತ್ತಿದ್ದೆ. ಬಾಗಿಲು ಎದ್ದು ನನ್ನ ಗದ್ದಕ್ಕೆ ಬಡಿಯಿತು. ರಕ್ತ ಬಂತು. ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಎದ್ದುಹೋದವು. ಅಕ್ಕ ಓಡಿಬಂದು ತನ್ನ ಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ಬೆರಳು ಒದ್ದೆ ಮಾಡಿ ತೇಯ್ದು, ಗಾಯಕ್ಕೆ ಒತ್ತಿದಳು.

"ಹುಟ್ಟಿದ ಕೂಡಲೆ ರಕ್ತ ಕುಡೀತು ನೋಡು ಇದು," ಎಂದಳು.

ಅದೇ ಬೆರಳುಗಳಿಂದ, ಹೊರಗೆ ಚಾಚಿ ಹೊಳೆಯುತ್ತಿದ್ದ ಎರಡೂ ಸರಳಿನ ಮೇಲೆ ಮೂರು ಮೂರು ಎಳೆ ವಿಭೂತಿ ಹಚ್ಚಿದಳು. ನಮ್ಮಲ್ಲಿ ಹೊಸ ಗಾಡಿಗೆ, ಹೊಸ ಯಂತ್ರಕ್ಕೆ ಹಾಗೆಯೇ ಹಚ್ಚುತ್ತಾರೆ. ನನ್ನ ಸುತ್ತಿಗೆಯ ಮೇಲೆಯೂ ಇದೆ, ವೆಲ್ಡಿಂಗ್ ಪೆಟ್ಟಿಗೆಯ ಮೇಲೆಯೂ ಇದೆ. ನನಗೆ ಏನೂ ಅನ್ನಿಸಲಿಲ್ಲ.

"ಗಾಡಿ ಇರೋತನ ಇದು ಬಾಗಂಗಿಲ್ಲ ಅಕ್ಕಾ," ಎಂದೆ. "ನನ್ನ ಗ್ಯಾರಂಟಿ."

ಮಾರನೆಯ ದಿನ ರೋಜಾದಲ್ಲಿ ಬಾಗಿಲು ತಾನೇ ಎದ್ದಾಗ ಹೂವಿನವನು ಎರಡು ಹೆಜ್ಜೆ ಹಿಂದೆ ಸರಿದನಂತೆ. "ಆಪಾ, ಗಾಡಿಯಾಗ ಜಿನ್ ಹೊಕ್ಕದೇನ್ರಿ?"

"ಜಿನ್ ಅಲ್ಲೋ, ನಮ್ಮ ತಮ್ಮ ಮಾಡ್ಯಾನ."

ಆ ಮಾತನ್ನು ಅವಳು ಎಲ್ಲರಿಗೂ ಹೇಳಿದಳು. ಕಮಲಾಪುರದ ಓಣಿಯಲ್ಲಿ, ನಮ್ಮ ಬೀಗರ ಮನೆಯಲ್ಲಿ, ಗಿರಾಕಿಗಳಿಗೆ. ನಮ್ಮ ತಮ್ಮ ಮಾಡ್ಯಾನ. ಯಾರಾದರೂ ಬಂದು ಹೀಗೆ ಹೇಳಿದಳು ಎಂದಾಗ ನಾನು ಕೆಲಸ ನಿಲ್ಲಿಸಿ ಕೇಳುತ್ತಿದ್ದೆ.

ಚಳಿಗಾಲ ಬಂತು. ಎಳ್ಳಮಾಸಿಯ ದಿನ ಕಮಲಾಪುರದ ಹೊಲಕ್ಕೆ ಹೋದೆ. ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವ ಹಬ್ಬ. ಬುತ್ತಿಯೆಲ್ಲ ಅಕ್ಕನ ಡಿಕ್ಕಿಯಲ್ಲಿತ್ತು. ಹಿಡಿಕೆ ಎಳೆದಳು. ಬಾಗಿಲು ಚಿಮ್ಮಿತು, ನಡುವೆ ಒಂದು ಕ್ಷಣ ಯೋಚಿಸಿದಂತೆ ನಿಂತಿತು, ಆಮೇಲೆ ಮೇಲೆ ಹೋಯಿತು. ರೊಟ್ಟಿಯ ಬುಟ್ಟಿ ಇಳಿಸಲು ಹೋದವನು ಸರಳನ್ನು ನೋಡಿದೆ.

ಅಕ್ಕ ಪ್ರತಿ ಸೋಮವಾರ ಪೂಜೆ ಮುಗಿಸಿ ಆ ಸರಳುಗಳಿಗೆ ವಿಭೂತಿ ಹಚ್ಚುತ್ತಿದ್ದಳು. ನೀರಿನಲ್ಲಿ ತೇಯ್ದ ಬೂದಿ ಒಣಗಿ ಮರಳಿನಂತಾಗುತ್ತದೆ. ಬಾಗಿಲು ಮುಚ್ಚಿದಾಗಲೆಲ್ಲ ಸರಳು ಅದನ್ನು ಹೊತ್ತುಕೊಂಡೇ ಕೊಳವೆಯ ಬಾಯಿಗೆ ಹೋಗಿದೆ. ಉಂಗುರವನ್ನು ಅರೆದಿದೆ. ಸರಳಿನ ಮೇಲೆ ಕೂದಲಿನಷ್ಟು ತೆಳ್ಳಗೆ ಗೀರುಗಳು. ಕೊಳವೆಯ ಬಾಯಿಯ ಸುತ್ತ ಬೂದಿ ಎಣ್ಣೆ ಕುಡಿದು ಕಪ್ಪಾಗಿತ್ತು. ಎಣ್ಣೆ ಹೊರಗೆ ಬಂದಿದೆ ಎಂದರೆ ಗ್ಯಾಸು ಅದರ ಜೊತೆಗೆ ಹೊರಟಿದೆ. ಎರಡೂ ಕಡೆ ಹಾಗೆಯೇ ಇತ್ತು. ಬಾಗಿಲು ನನ್ನ ತಲೆಯ ಮೇಲೆ ಬೆರಳಿನಷ್ಟು ಇಳಿಯಿತು.

ನನಗೆ ಇನ್ನೊಂದೂ ತಿಳಿಯಿತು. ನಾನು ಇಟ್ಟ ಸ್ಪ್ರಿಂಗುಗಳು ಇನ್ನೂ ಗಟ್ಟಿಯಾಗಿದ್ದವು. ಅವು ಬಾಗಿಲನ್ನು ಮೊದಲಿನಂತೆಯೇ ಚಿಮ್ಮಿಸುತ್ತಿದ್ದವು. ಆ ಚಿಮ್ಮುವಿಕೆ ನೋಡಿ ಅಕ್ಕ ಎಲ್ಲ ಸರಿಯಿದೆ ಎಂದೇ ತಿಳಿಯುತ್ತಿದ್ದಳು. ಬೇರೆ ಗಾಡಿಯ ಶಾಕರು ಸತ್ತರೆ ಎತ್ತುವ ಕೈಗೆ ಭಾರ ಗೊತ್ತಾಗುತ್ತದೆ. ಇಲ್ಲಿ ಕೈ ಮುಟ್ಟುವ ಕೆಲಸವನ್ನೇ ನಾನು ತೆಗೆದುಹಾಕಿದ್ದೆ.

ಅಕ್ಕ ಹಿಂದಿನಿಂದ ಬಂದಳು. "ಯಾಕೋ, ಏನು ನೋಡಾಕತ್ತೀದಿ? ಸ್ವಲ್ಪ ಸಾವಕಾಶ ಏಳ್ತದಲ್ಲ ಈಗೀಗ?"

ಅಲ್ಲಿ ಅವಳ ಅತ್ತೆಮನೆಯ ಮಂದಿಯೆಲ್ಲ ಇದ್ದರು. ಸ್ವಲ್ಪ ಹೊತ್ತಿನ ಮುಂಚೆ ಅವರೆದುರು ಅದೇ ಮಾತು ಹೇಳಿದ್ದಳು, ನಮ್ಮ ತಮ್ಮ ಮಾಡ್ಯಾನ ಎಂದು. ಮೊದಲ ದಿನವೇ ಸರಳಿಗೆ ಏನೂ ಹಚ್ಚಬೇಡ ಎನ್ನಬೇಕಾಗಿದ್ದವನು ನಾನು. ಈಗ ಹೇಳಿದರೆ ನನ್ನ ಗ್ಯಾರಂಟಿ ಏನಾಗುತ್ತದೆ ಎಂದು ನೋಡಿದೆ. ಅವಳ ಕುತ್ತಿಗೆ ಆ ಬಾಗಿಲಿನ ಕೆಳಗೆ ಎಷ್ಟು ಹೊತ್ತು ಇರುತ್ತದೆ ಎಂದು ನೋಡಲಿಲ್ಲ.

"ಥಂಡಿಗೆ ಹಂಗ ಆಗ್ತದ ಅಕ್ಕಾ," ಎಂದೆ. "ಬಿಸಿಲು ಬಿದ್ದರ ಸರಿ ಆಗ್ತದ."

ಥಂಡಿಗೆ ಶಾಕರು ಸ್ವಲ್ಪ ಮೆತ್ತಗಾಗುವುದು ನಿಜ. ಅದಕ್ಕೇ ಆ ಸುಳ್ಳು ಬಾಯಿಗೆ ಸಲೀಸಾಗಿ ಬಂತು. ಮುಂದಿನ ಸಲ ಶೆಡ್ಡಿಗೆ ಬಂದಾಗ ಏನೋ ಎಣ್ಣೆ ಹಾಕುತ್ತೇನೆಂದು ಹೇಳಿ, ಗೊತ್ತಾಗದ ಹಾಗೆ ಬದಲಿಸಿಬಿಡೋಣ ಅಂದುಕೊಂಡೆ. ಆಮೇಲೆ ತೊಗರಿಯ ರಾಶಿ ಶುರುವಾಯಿತು. ಗಿರಣಿಗಳ ಮುಂದೆ ಟ್ರ್ಯಾಲಿಗಳ ಸಾಲು, ಮುರಿದ ಪಾಟಾಗಳ ರಾಶಿ. ಅಕ್ಕ ಎರಡು ಸಲ ಫೋನು ಮಾಡಿ ಬರಲೇನು ಎಂದು ಕೇಳಿದಳು. ಈ ವಾರ ಬೇಡ ಎಂದೆ. ಹಾಗೆಂದ ಪ್ರತಿ ಸಲವೂ ಆ ಕಪ್ಪು ಉಂಗುರ ಕಣ್ಣ ಮುಂದೆ ಬಂತು. ರಸ್ತೆಯಲ್ಲಿ ಯಾರ ಗಾಡಿಯ ಡಿಕ್ಕಿ ಮುಚ್ಚಿದರೂ ಬೆಚ್ಚಿ ನೋಡುತ್ತಿದ್ದೆ. ಆದರೂ ಅವಳಿಗೆ ಒಂದು ಮಾತು ಹೇಳಲಿಲ್ಲ.

ಗುರುವಾರ ರೋಜಾದಲ್ಲಿ ಜನ ಹೆಚ್ಚು. ಅಂಥ ಒಂದು ಗುರುವಾರ ಅಕ್ಕನ ಫೋನಿನಿಂದ ಹೂವಿನವನು ಮಾತಾಡಿದ. "ಭಾಯ್, ಜಲ್ದಿ ಬರ್ರಿ. ಆಪಾಗ ಪೆಟ್ಟಾಗ್ಯದ. ಡಿಕ್ಕಿ..." ಮುಂದಿನದು ನಾನು ಕೇಳಬೇಕಾಗಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಂದು ಗೊನೆಯ ಮೇಲೆ ಕೂತಿತ್ತು. ಕೆಂಪು ಸಿಪ್ಪೆ ಒಡೆದು ತಿರುಳು ಹೊರಗೆ ಬಂದಿತ್ತು. ಒಳಗಿನ ಗೊನೆ ಎಳೆಯಲು ಬಗ್ಗಿದ್ದಳಂತೆ, ಬಲಗೈ ಅಂಚಿನ ಮೇಲೆ ಊರಿತ್ತಂತೆ. ಬೀಗದ ಕಬ್ಬಿಣ ಸರಿಯಾಗಿ ಮಣಿಕಟ್ಟಿನ ಮೇಲೆ ಬಿದ್ದಿದೆ. ನಾನು ಬಾಗಿಲನ್ನು ಎತ್ತಿ ಬಿಟ್ಟೆ. ಕೈ ಬಿಟ್ಟಲ್ಲಿಂದಲೇ ಇಳಿಯಿತು. ಹೂವಿನವನು ನೋಡುತ್ತಾ ನಿಂತಿದ್ದ. ಜಿನ್ನಿನ ಮಾತು ತೆಗೆಯಲಿಲ್ಲ.

ಮೂಳೆಗೆ ಪ್ಲೇಟು ಹಾಕಿದರು. ಮಣಿಕಟ್ಟು ಕೂಡಿತು, ಬೆರಳುಗಳು ಕೂಡಲಿಲ್ಲ. ಮುಷ್ಟಿ ಕಟ್ಟಲು ಬರುವುದಿಲ್ಲ. ಸ್ಟಿಯರಿಂಗ್ ಹಿಡಿಯಲು ಬರುವುದಿಲ್ಲ. ಒಂದು ಕೈ ಸಾಲದು ಎಂದು ಬಂದಿದ್ದವಳ ಇನ್ನೊಂದು ಕೈಯನ್ನೂ ನಾನು ತೆಗೆದುಕೊಂಡಿದ್ದೆ. ನೋಡಲು ಹೋದಾಗಲೆಲ್ಲ ಅವಳೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು.

"ನಿಂದೇನೂ ಇಲ್ಲೋ ಯಪ್ಪಾ. ಆ ಸೋಮವಾರ ನನಗ ಜ್ವರ ಇತ್ತು, ಇಬತ್ತಿ ಹಚ್ಚಲಿಲ್ಲ. ಅದಕ್ಕs ಹಿಂಗಾತು. ನಂದೇ ತಪ್ಪು."

ನಾನು ಅವಳ ಮುಂದೆ ಕೂತು ಚಹಾ ಕುಡಿದೆ.

ಬೇಸಿಗೆ ಕಳೆದ ಮೇಲೆ ಅಕ್ಕ ಮತ್ತೆ ರೋಜಾಕ್ಕೆ ಹೋಗುತ್ತೇನೆಂದು ಹಟ ಹಿಡಿದಳು. ಮಾಮಾ ಗಾಡಿ ಓಡಿಸಬೇಕು, ಅವಳು ಮಾರಬೇಕು. ಕಮಲಾಪುರಕ್ಕೆ ಹೋಗಿ ಹೊಸ ಶಾಕರುಗಳನ್ನು ಹಾಕಿದೆ. ಬಾಗಿಲು ಎದ್ದು ನಿಂತಿತು. ಅಕ್ಕ ಒಳಗಿನಿಂದ ವಿಭೂತಿಯ ಗಟ್ಟಿ ತರಿಸಿದಳು. ಅವಳ ಬೆರಳಿನಲ್ಲಿ ಅದು ನಿಲ್ಲಲಿಲ್ಲ.

"ನೀವs ಹಚ್ಚರಿ," ಎಂದಳು ಮಾಮಾನಿಗೆ. "ಎರಡೂ ಕಡೆ. ಒಂದು ಸೋಮವಾರನೂ ತಪ್ಪಸಬ್ಯಾಡ್ರಿ ಇನ್ನ ಮ್ಯಾಲ."

ಮಾಮಾ ಬೆರಳು ಒದ್ದೆ ಮಾಡಿದರು. ನಾನು ಅವರ ಕೈ ಹಿಡಿದೆ.

"ಹಚ್ಚಬ್ಯಾಡ್ರಿ ಮಾಮಾ."

"ಯಾಕ?" ಎಂದಳು ಅಕ್ಕ. "ಮತ್ತ ಬೀಳಬೇಕೇನು?"

"ಹಚ್ಚಿದ್ದಕ್ಕs ಬಿತ್ತು ಅಕ್ಕಾ."

ಬೂದಿ, ಉಂಗುರ, ಎಣ್ಣೆ, ಎಲ್ಲವನ್ನೂ ಹೇಳಿದೆ. ಅಕ್ಕ ನೆಲ ನೋಡುತ್ತಾ ಕೇಳಿದಳು.

"ನಿನಗ ಎಂದು ಗೊತ್ತಾತು?"

"ಎಳ್ಳಮಾಸಿ ದಿನ."

"ಥಂಡಿ ಅಂದಿದ್ದಿ."

"ಹೂಂ."

ಅವಳು ಬೈಯುತ್ತಾಳೆ ಎಂದು ಕಾದೆ. ಮಡಚದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಇಷ್ಟು ದಿನ ದೇವರ ಮುಂದ ನಂದ ತಪ್ಪು, ನಂದ ತಪ್ಪು ಅಂತ ಅತ್ತೀನಿ. ನೀ ಎದುರಿಗೆ ಕುಂತು ಕೇಳಿದಿ," ಎಂದಳು. ಮಾಮಾನ ಕಡೆ ತಿರುಗಿ, "ಆ ಹಳೀ ಕೋಲು ಎಲ್ಲದ ನೋಡ್ರಿ," ಎಂದಳು.

ಈಗ ಗುರುವಾರಗಳಂದು ನಾನೂ ರೋಜಾಕ್ಕೆ ಹೋಗಿ ಗೊನೆ ಇಳಿಸಿಕೊಡುತ್ತೇನೆ. ಬರಬೇಡ ಎಂದು ಅವಳು ಹೇಳಿಲ್ಲ, ಬಾ ಎಂದೂ ಹೇಳಿಲ್ಲ. ಸರಳುಗಳು ಒರೆಸಿದಂತೆ ಹೊಳೆಯುತ್ತವೆ. ಬಾಗಿಲು ಗಟ್ಟಿಯಾಗಿ ನಿಲ್ಲುತ್ತದೆ. ಆದರೂ ಕೆಳಗೆ ಕೋಲು ಕೊಟ್ಟ ಮೇಲೆಯೇ ಅಕ್ಕ ತಲೆ ಒಳಗೆ ಹಾಕುತ್ತಾಳೆ.

ಹೋದ ವಾರ ಹೂವಿನವನು ಕೇಳಿದ: "ಆಪಾ, ಹೊಸ ಶಾಕರ್ ಅವಲ್ಲ, ಕೋಲು ಯಾಕ್ರಿ ಮತ್ತ?"

ಅಕ್ಕ ಹಣ್ಣು ಜೋಡಿಸುತ್ತಲೇ ಹೇಳಿದಳು: "ಇರಲಿ ಬಿಡೋ. ಅವನ್ನೂ ನಮ್ಮ ತಮ್ಮನs ಹಾಕ್ಯಾನ."