ಪಾಪಯ್ಯನವರ ಮೀಸೆ

ಬೆಳಿಗ್ಗೆ ಆರೂಕಾಲು. ಕಾಡುಗೋಡಿ ಬಳಿಯ ಉಪಶಮನ ಆರೈಕೆ ಕೇಂದ್ರದಲ್ಲಿ ಕ್ಷೌರಿಕ ಹನುಮೇಶ ಬಿಸಿನೀರಿನ ಬಟ್ಟಲಿಗೆ ಬೆರಳು ಅದ್ದಿ ಹದ ನೋಡುತ್ತಿದ್ದಾರೆ. ಗುಣವಾಗದ ಕಾಯಿಲೆಯವರ ನೋವು ತಗ್ಗಿಸಿ ಕೊನೆಯವರೆಗೂ ನೋಡಿಕೊಳ್ಳುವ ಜಾಗ ಇದು. ವಾರಕ್ಕೆ ಮೂರು ದಿನ ಇಲ್ಲಿನ ಕೆಲಸ ಮುಗಿಸಿಯೇ ಅವರು ತಮ್ಮ ಅಂಗಡಿಯ ಷಟರ್ ಎತ್ತುತ್ತಾರೆ.

"ಅಣ್ಣಾ, ಕನ್ನಡಿ ಹಿಡೀಲಾ, ಬ್ಯಾಡ್ವಾ?"

ಪ್ರತಿ ಹಾಸಿಗೆಯ ಬಳಿಯೂ ಮೊದಲ ಮಾತು ಇದೇ. ಸೊರಗಿದ ಮುಖ ನೋಡಿಕೊಳ್ಳಲು ಎಲ್ಲರಿಗೂ ಮನಸ್ಸಿರುವುದಿಲ್ಲ.

ಆನೇಕಲ್ ಕಡೆಯವರಾದ ಹನುಮೇಶ ಏಳು ವರ್ಷದ ಹಿಂದೆ ಕಾಯಿಲೆಬಿದ್ದ ಮಾವನನ್ನು ನೋಡಲು ಇಲ್ಲಿಗೆ ಬಂದಿದ್ದರು. ಪಕ್ಕದ ಹಾಸಿಗೆಯವರು ಗಡ್ಡದ ತುರಿಕೆಗೆ ಒದ್ದಾಡುವುದನ್ನು ಕಂಡು ಮರುದಿನ ಪೆಟ್ಟಿಗೆ ಹಿಡಿದೇ ಬಂದರು. ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ ಇಲ್ಲಿ ಅರ್ಧ ಗಂಟೆ ಹಿಡಿಯುತ್ತದೆ.

"ಅಂಗಡೀಲಿ ತಪ್ಪಾದ್ರೆ ಗಿರಾಕಿ ಬೈತಾನೆ. ಇಲ್ಲಿ ಬೈಯಾಕೂ ಉಸಿರಿರಲ್ಲ ಸಾರ್. ಅದಕ್ಕೇ ಮೊದ್ಲೇ ಕೇಳ್ಬೇಕು," ಎನ್ನುತ್ತಾರೆ ಅವರು.

ಈಗ ಅವರೆದುರು ಪಾಪಯ್ಯ ಇದ್ದಾರೆ. ಗಂಟಲ ಕ್ಯಾನ್ಸರ್‌ನಿಂದ ಮಾತು ನಿಂತಿದೆ, ಅರಿವು ಮಾತ್ರ ಚೆನ್ನಾಗಿದೆ. ಆಹಾರಕ್ಕೆಂದು ಮೂಗಿಗೆ ಹಾಕಿದ ನಳಿಕೆಯ ಟೇಪು ದಪ್ಪ ಮೀಸೆಗೆ ಅಂಟುತ್ತದೆ. ಅದನ್ನು ಬದಲಿಸುವಾಗಲೆಲ್ಲ ಅವರ ಕಣ್ಣಲ್ಲಿ ನೀರು. ಮಗ ಅಂಜನ್‌ಗೆ ಅದನ್ನು ನೋಡಲಾಗುತ್ತಿಲ್ಲ.

"ಮೀಸೆ ತೆಗೆದ್ಬಿಡಿ ಹನುಮೇಶಣ್ಣ. ನಾನೇ ಹೇಳ್ತಿದ್ದೀನಲ್ಲ."

"ನಿನ್ನ ಮೀಸೆ ಆಗಿದ್ರೆ ಈಗ್ಲೇ ತೆಗೀತಿದ್ದೆ ಕಣಪ್ಪ."

ಹನುಮೇಶ ಹಾಸಿಗೆಯ ಮೇಲೆ ಬಾಗುತ್ತಾರೆ. "ಯಜಮಾನ್ರೇ, ಟೇಪು ಕೀಳ್ವಾಗ ನೋಯ್ತದೆ. ಮೀಸೆ ಇಲ್ದಿದ್ರೆ ಅಷ್ಟು ನೋಯಾಕಿಲ್ಲ. ತೆಗೀಲಾ?"

ಪಾಪಯ್ಯನವರ ಕೈ ನಿಧಾನವಾಗಿ ಮೇಲೆದ್ದು ಮೀಸೆಯನ್ನು ಮುಚ್ಚುತ್ತದೆ.

"ಅಪ್ಪಂಗೆ ಗೊತ್ತಾಗ್ತಿಲ್ಲ," ಎನ್ನುತ್ತಾನೆ ಅಂಜನ್.

"ಗೊತ್ತಾಗಿರೋದಕ್ಕೇ ಮುಚ್ಕೊಂಡವ್ರೆ."

ಕತ್ತರಿಯನ್ನು ಪೆಟ್ಟಿಗೆಗೆ ಹಾಕಿದ ಹನುಮೇಶ ನರ್ಸ್ ಹೇಮಲತಾ ಅವರನ್ನು ಕರೆಯುತ್ತಾರೆ. "ಮೇಡಂ, ಟೇಪು ಬೇರೆ ಕಡೆ ಅಂಟಿಸ್ಬೋದಾ?"

ಹೇಮಲತಾ ಬಂದು ನಳಿಕೆಯನ್ನು ಪಕ್ಕಕ್ಕೆ ಸರಿಸಿ ನೋಡುತ್ತಾರೆ. "ಕೆನ್ನೆ ಮೇಲೆ ಆಗ್ಬೋದು. ಆದ್ರೆ ಗಡ್ಡ ಪೂರ್ತಿ ನುಣ್ಣಗೆ ತೆಗೆದಿರ್ಬೇಕು."

"ಅದು ನನ್ ಕೆಲ್ಸ," ಎಂದ ಹನುಮೇಶ ಕೂಡಲೇ ಬ್ರಷ್ ಎತ್ತಿಕೊಳ್ಳುವುದಿಲ್ಲ. ಮತ್ತೆ ಬಾಗಿ, "ಕೆನ್ನೆ ಒಂದೇ. ಮಾಡ್ಲಾ?" ಎನ್ನುತ್ತಾರೆ. ಪಾಪಯ್ಯ ತಲೆಯಾಡಿಸುತ್ತಾರೆ. ಮೀಸೆಯ ಮೇಲಿನ ಕೈ ಮಾತ್ರ ಕ್ಷೌರ ಮುಗಿಯುವವರೆಗೂ ಅಲ್ಲೇ ಇರುತ್ತದೆ.

"ನನ್ಮೇಲೆ ಇನ್ನೂ ನಂಬಿಕೆ ಬಂದಿಲ್ಲ ಯಜಮಾನ್ರಿಗೆ," ಎಂದು ಹನುಮೇಶ ನಗುತ್ತಾರೆ. ಪಾಪಯ್ಯನವರ ಮೀಸೆಯ ಅಂಚು ಸ್ವಲ್ಪ ಅಲುಗುತ್ತದೆ. ಹಿಂದೆಲ್ಲ ಕನ್ನಡಿ ಬೇಡವೆಂದು ಕೈಯಾಡಿಸುತ್ತಿದ್ದವರು ಈ ಸಲ ಹಾಗೆ ಮಾಡುವುದಿಲ್ಲ.

ಐದು ದಿನಗಳ ನಂತರ ಪಾಪಯ್ಯ ತೀರಿಕೊಂಡರು. ಕೊನೆಯ ಸಲ ಅವರ ಮೀಸೆ ಬಾಚಿದ್ದು ಅಂಜನ್.