ದೋಣಿಯ ಫ್ರಿಜ್ಜಿಗೆ ಕುಂಚಿಗೆ ಹೊಲಿದ ಚಿಗವ್ವ

ನಮ್ಮ ಚಿಗವ್ವ ಯಾವ ವಸ್ತುವನ್ನೂ ಮೊದಲು ಎದುರಿನಿಂದ ನೋಡಿದವಳಲ್ಲ. ಸೀರೆ ಅಂಗಡಿಗೆ ಹೋದರೆ ಸೆರಗು ತಿರುವಿ ಒಳಮೈ ನೋಡುತ್ತಿದ್ದಳು. ಕಪಾಟು ಕೊಳ್ಳುವಾಗ ಅಂಗಡಿಯವನ ಕೈಯಿಂದಲೇ ಅದನ್ನು ಗೋಡೆಯಿಂದ ಎಳೆಸಿ, ಹಿಂದೆ ಹೋಗಿ ನಿಲ್ಲುತ್ತಿದ್ದಳು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಅವಲಕ್ಕಿ ತಿಂದು ಮುಗಿಸಿದ ಹುಡುಗನನ್ನು "ಅಲ್ಲೆ ಬಚ್ಚಲದಾಗ ಕೈ ತೊಳಕೊಂಡ ಬರ್ರಿ" ಎಂದು ಕಳಿಸಿ, ಅವನು ನಡೆದು ಹೋಗುವುದನ್ನು ಹಿಂದಿನಿಂದ ನೋಡಿ, ನನ್ನ ಕಿವಿಯಲ್ಲಿ "ಚಲೋ ಅದಾನ, ಚಪ್ಪಲಿ ಎಳದು ನಡಿಯೂದಿಲ್ಲ" ಎಂದಿದ್ದಳು. ಆ ಹುಡುಗನೇ ಈಗ ನನ್ನ ಗಂಡ. ಈಗಲೂ ಚಪ್ಪಲಿ ಎಳೆಯುವುದಿಲ್ಲ. ಉಳಿದದ್ದು ಕೇಳಬೇಡಿ.

ಯಾಕೆ ಹೀಗೆ ಎಂದು ಕೇಳಿದರೆ, "ಮಾರಿ ಎಲ್ಲಾರೂ ತೊಳಕೊಂಡ ಕುಂತಿರತಾರ ಹುಡುಗಿ. ಬೆನ್ನ ಯಾರ ನೋಡಿ ತೊಳಕೋತಾರ?" ಅನ್ನುತ್ತಿದ್ದಳು.

ಚಿಗವ್ವ ಅಂದರೆ ನನ್ನ ತಾಯಿಯ ತಂಗಿ, ಹೆಸರು ಗೌರವ್ವ. ಮನೆ ಮುನವಳ್ಳಿಯಲ್ಲಿ. ಅವಳ ಗಂಡ, ನಮ್ಮ ಕಾಕಾ, ಅಲ್ಲಿ ಡೀಸೆಲ್ ಇಂಜಿನ್ ರಿಪೇರಿ ಅಂಗಡಿ ಇಟ್ಟಿದ್ದರು. ಅಂಗಡಿಯನ್ನು ಮಗ ಮಲ್ಲುವಿಗೆ ಒಪ್ಪಿಸಿದ ಮೇಲೆ, ಕಾರವಾರದ ಕಡೆ ಯಾರದೋ ಇಂಜಿನ್ ನೋಡಲು ಹೋದವರು ಅಲ್ಲಿಂದ ಒಂದು ಹಳೇ ದೋಣಿಯನ್ನೇ ಲಾರಿಯಲ್ಲಿ ಹೇರಿಕೊಂಡು ಬಂದರು! ಸಾದಾ ದೋಣಿಯಲ್ಲ. ಇಂಜಿನ್ ಇದ್ದದ್ದು. ನಡುವೆ ಪುಟ್ಟ ಖೋಲಿ, ಇಬ್ಬರು ಮಲಗುವಷ್ಟು ಹಲಗೆ, ಒಂದು ಒಲೆ, ಹಲಗೆಯ ಕೆಳಗಿನ ಗೂಡಿನಲ್ಲಿ ಬ್ಯಾಟರಿಯ ಮೇಲೆ ನಡೆಯುವ ಚಿಕ್ಕ ಫ್ರಿಜ್. ಮುನವಳ್ಳಿಯ ಜನ ಸಾಲುಗಟ್ಟಿ ಬಂದು ನೋಡಿದರು. ಕಾಕಾ ಓಡಾಡಿ ಪರವಾನಗಿ ತಂದು, ಅದನ್ನು ಮಲಪ್ರಭೆಯ ಹಿನ್ನೀರಿಗೆ ಇಳಿಸಿದರು. ಗಂಡಹೆಂಡತಿ ರೊಟ್ಟಿ ಕಟ್ಟಿಕೊಂಡು ಹೋದರೆ ಮೂರು ನಾಲ್ಕು ದಿನ ನೀರಿನ ಮೇಲೆಯೇ ವಸತಿ.

ಚಿಗವ್ವನಿಗೆ ಈಜು ಬರದು. ಬಾವಿಯೊಳಗೆ ಇಣುಕಿ ನೋಡಲೂ ಹೆದರುವ ಹೆಂಗಸು. ಅಂಥವಳು ಯಾಕೆ ಹೋಗುತ್ತಾಳೆ, ಅದೇನು ಸುಖ ಅಲ್ಲಿ ಎಂಬುದು ನನಗೆ ಬಹಳ ಕಾಲ ಬಗೆಹರಿಯಲಿಲ್ಲ. ಕೇಳಿದರೆ "ಗಾಳಿ ಚಲೋ ಬರತೈತಿ" ಅನ್ನುವಳು. ಗಾಳಿ ಅವಳ ಮನೆಯ ಮಾಳಿಗೆಯ ಮೇಲೂ ಚಲೋ ಬರುತ್ತಿತ್ತು!

ಆಮೇಲೆ ಕಾಕಾಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಇನ್ಸುಲಿನ್ ಶುರುವಾಯಿತು. ಆ ಔಷಧಿಯನ್ನು ತಂಪಿನಲ್ಲಿಡಬೇಕು, ಕಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ ಎಂದು ಡಾಕ್ಟರರು ಹೇಳಿದ್ದರು. ಒಂದು ಬೇಸಿಗೆಯಲ್ಲಿ ನಡುನೀರಿನಲ್ಲಿದ್ದಾಗಲೇ ದೋಣಿಯ ಫ್ರಿಜ್ ಕೆಟ್ಟು ನಿಂತಿತು. ಯಾರಿಗೂ ಗೊತ್ತಾಗಲಿಲ್ಲ. ಕೆಟ್ಟ ಔಷಧಿಯನ್ನೇ ಚುಚ್ಚಿಕೊಂಡ ಕಾಕಾರನ್ನು ಕೊನೆಗೆ ಸವದತ್ತಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಹುಷಾರಾಗಿ ಮನೆಗೆ ಬಂದ ದಿನವೇ ಮಲ್ಲು ಹೇಳಿಬಿಟ್ಟ:

"ಸಾಕಪ್ಪಾ ಈ ದೋಣಿ ಸಹವಾಸ. ದಾಂಡೇಲಿ ಕಡೇದಾಂವ ಒಬ್ಬಾಂವ ಕೇಳಾಕ ಹತ್ತ್ಯಾನ. ಮಾರಿಬಿಡೂಣು."

ಕಾಕಾ ಹೂಂ ಅಂದರು. ಒಳಗಿನಿಂದ ಚಿಗವ್ವ ರೊಟ್ಟಿಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಕೆಟ್ಟಿದ್ದು ಫ್ರಿಜ್. ಫ್ರಿಜ್ ಕೆಟ್ಟರ ಫ್ರಿಜ್ ತರೂಣು. ದೋಣಿ ಯಾಕ ಮಾರತಿ?"

ತಾಯಿಮಗ ಇಬ್ಬರೂ ಜಗ್ಗಾಡಿ ಜಗ್ಗಾಡಿ ಒಂದು ಕರಾರಿಗೆ ಬಂದರು. ಮಳೆ ಹಿಡಿಯುವುದರೊಳಗೆ ನಂಬುವಂಥ ಫ್ರಿಜ್ ಸಿಗಬೇಕು, ಮಲ್ಲುವಿನ ಎದುರು ಒಂದು ಇಡೀ ಹಗಲು ಬಿಸಿಲಲ್ಲಿ ನಡೆದು ತೋರಿಸಬೇಕು. ಇಲ್ಲವಾದರೆ ದೋಣಿ ದಾಂಡೇಲಿಗೆ.

ನಾನು ಬೈಲಹೊಂಗಲದ ಹೈಸ್ಕೂಲಿನಲ್ಲಿ ಮಾಸ್ತರಕಿ ಮಾಡುತ್ತೇನೆ. ಬೇಸಿಗೆ ರಜೆಗೆ ಮುನವಳ್ಳಿಗೆ ಬಂದಿದ್ದೆ, ಕೈಯಲ್ಲಿ ಕಾರು. ಚಿಗವ್ವನಿಗೆ ಇಷ್ಟು ಸಾಕಾಯಿತು. ಮರುದಿನವೇ ಒಂದು ಡಬ್ಬಿ ಮತ್ತು ಒಂದು ದಾರ ಹಿಡಿದು ಕಾರು ಹತ್ತಿದಳು. ದಾರದಲ್ಲಿ ಗಂಟುಗಳಿದ್ದವು. ದೋಣಿಯ ಗೂಡಿನ ಅಗಲಕ್ಕೊಂದು, ಎತ್ತರಕ್ಕೊಂದು, ಖೋಲಿಯ ಬಾಗಿಲಿಗೊಂದು. ಡಬ್ಬಿಯಲ್ಲಿ ಏನು ಎಂದೆ. "ಬೆಣ್ಣಿ" ಅಂದಳು.

ಸವದತ್ತಿಯ ಅಂಗಡಿಯಲ್ಲಿ ಮನೆಬಳಕೆಯ ಸಣ್ಣ ಫ್ರಿಜ್ ತೋರಿಸಿದರು. ಚಿಗವ್ವ ನೇರ ಅದರ ಹಿಂದೆ ಹೋಗಿ ಮಾಯವಾದಳು. ಹೊರಗೆ ಬಂದು ಬಾಗಿಲು ತೆಗೆದು ಸುಮ್ಮನೆ ನಿಂತಳು.

"ಏನ ನೋಡಾಕ ಹತ್ತೀರಿ ಅಕ್ಕಾರ?" ಎಂದ ಅಂಗಡಿಯವನು.

"ಬಾಗಲಾ ತಗದ ಕೂಡ್ಲೆ ಇದರ ತಂಪೆಲ್ಲಾ ನನ್ನ ಪಾದದ ಮ್ಯಾಲೆ ಸುರೀತಲ್ಲೋ ತಮ್ಮಾ. ದಿನಕ್ಕ ಹತ್ತ ಸಲ ತಗದ್ರ ಒಳಗ ಏನ ಉಳೀತು? ಮ್ಯಾಲಿಂದ ಮುಚ್ಚಳಾ ತಗಿಯೂದು ಬೇಕು, ನೆಲದಾಗ ಜೋಳಾ ತುಂಬಿಡೂ ಹಗೇವ ಇದ್ದಂಗ."

ಮೇಲಾಗಿ ಅದು ಮನೆಯ ಕರೆಂಟಿನದು. ಬ್ಯಾಟರಿಯ ಮೇಲೆ ನಡೆಸಲು ನಡುವೆ ಇನ್ವರ್ಟರ್ ಬೇಕು, ಅದೂ ತನ್ನ ಪಾಲಿನ ಬ್ಯಾಟರಿ ತಿನ್ನುತ್ತದೆ ಎಂದು ಕಾಕಾ ಮೊದಲೇ ಹೇಳಿ ಕಳಿಸಿದ್ದರು. ಸವದತ್ತಿ ಮುಗಿಯಿತು.

ರಾಮದುರ್ಗದಲ್ಲಿ ಕಾರಿನಲ್ಲಿಡುವ ತಂಪುಪೆಟ್ಟಿಗೆ ಸಿಕ್ಕಿತು. ಹಗುರ, ಮೇಲಿನಿಂದ ಮುಚ್ಚಳ, ದಾರದ ಎಲ್ಲ ಗಂಟಿಗೂ ಹೊಂದಿತು. ಇನ್ನೇನು ಬಂತು ಅಂದುಕೊಂಡೆ ನಾನು. ಚಿಗವ್ವ ಅದನ್ನು ಅಂಗಡಿಯ ಹೊರಗೆ ತಗಡಿನ ಚಪ್ಪರದ ಕೆಳಗೆ ಇಡಿಸಿ, ಒಳಗೆ ಬೆಣ್ಣೆಯುಂಡೆ ಇಟ್ಟು, ಸ್ಟೂಲು ಹಾಕಿಕೊಂಡು ಕುಳಿತುಬಿಟ್ಟಳು. ಮಧ್ಯಾಹ್ನವಿಡೀ! ನಾನು ನಾಚಿಕೆಯಿಂದ ಎದುರಿನ ಹೋಟೆಲಿನಲ್ಲಿ ಚಹದ ಮೇಲೆ ಚಹ ಕುಡಿದೆ. ಕೊನೆಗೆ ಮುಚ್ಚಳ ತೆಗೆದು ಹೆಬ್ಬೆರಳು ಒತ್ತಿದಳು. ಬೆರಳು ಸರ್ರನೆ ಇಳಿಯಿತು.

"ಇದು ಹೊರಗಿನ ಬಿಸಿಕಿಂತಾ ಇಷ್ಟ ಅಂತ ಕಡಿಮಿ ಮಾಡತೈತಿ ಅಕ್ಕಾರ," ಎಂದು ಅಂಗಡಿಯ ಹುಡುಗ ಸಮಜಾಯಿಷಿ ಕೊಟ್ಟ. "ಹೊರಗ ಬಿಸಿಲ ಜಾಸ್ತಿ ಆದ್ರ ಒಳಗೂ ಸ್ವಲ್ಪ ಏರತೈತ್ರಿ."

"ಹೊರಗ ತಂಪಿದ್ರ ಇದೂ ತಂಪು, ಹೊರಗ ಬಿಸಿ ಇದ್ರ ಇದೂ ಬಿಸಿ. ಹಂಗಾದ್ರ ಇದು ಯಾಕ ಬೇಕೋ ನಮಗ?" ಅಂದು ಆ ಬೆಣ್ಣೆಯನ್ನು ಅವನ ಕೈಗೇ ಕೊಟ್ಟು, "ರೊಟ್ಟಿಗಿ ಹಚಗೊಂಡ ತಿನ್ನು" ಎಂದು ಕಾರು ಹತ್ತಿದಳು.

ಕಡೆಗೆ ಸಿಕ್ಕಿದ್ದು ನಮ್ಮ ಬೈಲಹೊಂಗಲದಲ್ಲಿ. ದನಗಳ ಲಸಿಕೆ ಸಾಗಿಸಲು ಬಳಸುವ ಜಾತಿಯ ಫ್ರಿಜ್. ಒಳಗೆ ದೊಡ್ಡ ಫ್ರಿಜ್ಜಿನಂತೆಯೇ ಕಂಪ್ರೆಸರ್, ನೇರ ಬ್ಯಾಟರಿಯಿಂದ ನಡೆಯುತ್ತದೆ, ಮುಚ್ಚಳ ಮೇಲೆ. ಬೆನ್ನಿಗೆ ಜಾಳಿಗೆ, ಅದರೊಳಗೆ ಸಣ್ಣ ಫ್ಯಾನು. ಬೆಣ್ಣೆ ಗಟ್ಟಿಯಾಯಿತು. ಚಿಗವ್ವನಿಗೆ ಅದೂ ಸಾಲಲಿಲ್ಲ, ಔಷಧಿ ಹೆಪ್ಪುಗಟ್ಟಲೂಬಾರದಲ್ಲ? ಒಂದು ವಾಟಗದಲ್ಲಿ ನೀರಿಟ್ಟು ಕಾದಳು. ನೀರು ನೀರಾಗಿಯೇ ಇತ್ತು. "ಇದು ಬ್ಯಾಸರ ಇಲ್ಲದ ದುಡಿಯೂ ಎಮ್ಮಿ" ಎಂದು ಅದರ ಮೇಲೆ ಕೈಯಾಡಿಸಿದಳು.

ಪರೀಕ್ಷೆಯ ದಿನ ಬಂತು. ದಂಡೆಗೆ ಕಟ್ಟಿದ ದೋಣಿಯಲ್ಲಿ, ಮೇಲಿನ ಹಲಗೆ ಎತ್ತಿ, ಹೊಸ ಫ್ರಿಜ್ಜನ್ನು ಗೂಡಿನಲ್ಲಿ ಕೂರಿಸಿದ್ದರು. ನಾನು ನೋಡುತ್ತೇನೆ, ಚಿಗವ್ವ ಅದಕ್ಕೊಂದು ಕುಂಚಿಗೆ ಹೊಲಿದು ತೊಡಿಸಿದ್ದಾಳೆ! ನಮ್ಮ ಕಡೆ ಕೂಸುಗಳಿಗೆ ತಲೆಯಿಂದ ಬೆನ್ನಿನವರೆಗೆ ಇಳಿಬಿಡುತ್ತಾರಲ್ಲ, ಅಂಥದೇ. ಇಳಕಲ್ಲ ಸೀರೆಯ ತುಂಡುಗಳನ್ನು ಕೌದಿಯ ಹಾಗೆ ಪದರ ಹಾಕಿ ಹೊಲಿದದ್ದು, ಅಂಚಿಗೆ ಕನ್ನಡಿ, ತುದಿಗೆ ಗೊಂಡೆ. ಹೊಸ ಮಿಕ್ಸರಿಗೆ, ಟಿವಿಗೆ ಎಲ್ಲಕ್ಕೂ ಅಂಗಿ ಹೊಲಿಯುವ ಮನೆತನ ನಮ್ಮದು, ನನಗೇನೂ ವಿಶೇಷ ಅನ್ನಿಸಲಿಲ್ಲ. ಚಂದ ಕಾಣುತ್ತದೆ ಎಂದು ಫೋಟೋ ಕೂಡ ತೆಗೆದೆ.

ಪುಣ್ಯಕ್ಕೆ ಒಳಗೆ ಬರೀ ಬೆಣ್ಣೆ ಇಟ್ಟಿದ್ದರು, ಔಷಧಿ ಮನೆಯಲ್ಲಿತ್ತು. ಬಿಸಿಲು ನೆತ್ತಿಗೆ ಬಂದಾಗ ಫ್ರಿಜ್ ಗುರ್ ಅನ್ನುವುದು ನಿಂತಿತು. ಮಲ್ಲು ಮುಚ್ಚಳ ಎತ್ತಿ ಬೆರಳು ಒತ್ತಿದ. ಬೆಣ್ಣೆ ಮೆತ್ತಗಾಗಿತ್ತು.

"ಮುಗೀತಲ್ಲ ಅವ್ವಾ," ಎಂದ ಅವನು, ಸಿಟ್ಟಿಲ್ಲದೆ. "ದಾಂಡೇಲಿಯಾಂವಗ ನಾಳೆ ಫೋನ್ ಮಾಡತೇನಿ."

ಚಿಗವ್ವ ಫ್ರಿಜ್ಜಿನ ಪಕ್ಕ ಹಾಗೇ ಕುಸಿದು ಕುಳಿತಳು. ಗಂಡ ಆಸ್ಪತ್ರೆಯಲ್ಲಿದ್ದಾಗಲೂ ಅಳದವಳ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಅಳುವ ಕೂಸಿನ ಬೆನ್ನು ಸವರುವ ಹಾಗೆ ಅದರ ಹಿಂದೆ ಕೈಯಿಟ್ಟವಳು ತಟ್ಟನೆ ಕೈ ಹಿಂದೆಗೆದಳು.

"ಅಯ್ಯ ನನ ಶಿವನ! ಬೆನ್ನ ಹಂಚ ಕಾದಂಗ ಕಾದೈತಿ!"

ಕುಂಚಿಗೆಯ ದಪ್ಪ ಪದರ ಜಾಳಿಗೆಗೆ ಅಂಟಿ ಕುಳಿತಿತ್ತು. ಬಿಸಿಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಚಿಗವ್ವ ಅದನ್ನು ಕಿತ್ತು ಆಚೆ ಒಗೆದಳು. ಅತ್ತ ಕಣ್ಣಲ್ಲೇ ನಗು ಬಂತು ಅವಳಿಗೆ. "ಊರ ಮಂದಿ ಬೆನ್ನ ನೋಡಾಕಿ ನಾನು, ಇದರ ಬೆನ್ನ ನಾನ ಮುಚ್ಚಿಟ್ಟೆ ನೋಡವಾ! ಮಲ್ಲೂ, ಹೊತ್ತ ಮುಳಗೂತನಾ ತಡಿಯೋ ಯಪ್ಪಾ."

ಮಲ್ಲು ತಡೆದ. ಫ್ರಿಜ್ ತಣ್ಣಗಾಗಿ, ಮತ್ತೆ ಗುರ್ ಅಂದಿತು. ಸಂಜೆ ಅವನೇ ಬೆಣ್ಣೆ ಒತ್ತಿ ನೋಡಿದ, ಬೆರಳು ಇಳಿಯಲಿಲ್ಲ. "ಆತು ಬಿಡು, ಹೋಗಿ ಬರ್ರಿ" ಎಂದ.

ಆ ಮಳೆಗಾಲ ಮುಗಿದು ಹಿನ್ನೀರು ತುಂಬಿದ ಮೇಲೆ ನಾನೂ ಒಂದು ದಿನ ಅವರ ಜೊತೆ ಹೋದೆ. ನಡುನೀರಿಗೆ ಬಂದು ಇಂಜಿನ್ ನಿಲ್ಲಿಸಿದ್ದೇ ಕಾಕಾ ಖೋಲಿಯ ಬಾಗಿಲಲ್ಲಿ ಕುಳಿತ ಚಿಗವ್ವನ ಕಡೆ ತಿರುಗಿ ಮಾತಿಗೆ ಶುರುವಿಟ್ಟರು. ಚಿಕ್ಕವರಿದ್ದಾಗ ಶಾಲೆ ತಪ್ಪಿಸಿ ಹೋಗಿದ್ದು, ಸಂಗೊಳ್ಳಿಯ ಸೋದರಮಾವನ ಎತ್ತು ಬಿಚ್ಚಿಕೊಂಡು ಓಡಿದ್ದು, ಅದರ ಹಿಂದೆ ಇಡೀ ಊರು ಓಡಿದ್ದು. ನಾನು ಬಾಯಿ ತೆರೆದು ಕುಳಿತೆ. ಇವರು ನಮ್ಮ ಕಾಕಾ ಹೌದೋ ಅಲ್ಲವೋ!

ಅವರು ಮಧ್ಯಾಹ್ನ ಮಲಗಿದಾಗ ಚಿಗವ್ವ ಮೆಲ್ಲಗೆ ಹೇಳಿದಳು: "ನಿಮ್ಮ ಕಾಕಾ ಮನ್ಯಾಗ ಮಾತಾಡಿದ್ದ ಎಂದಾದ್ರೂ ಕೇಳೀಯೇನ ನೀ? ಲಗ್ನಾಗಿ ಬಂದಾಗಿಂದ 'ಹೂಂ', 'ಆತು', 'ನೀರ ಕೊಡು'. ಅಂಗಡ್ಯಾಗ ಸಪ್ಪಳಾ, ಮನ್ಯಾಗ ಮಂದಿ. ಇಲ್ಲೆ ಬಂದ್ರ ಬಾಯಿ ಬಿಡತಾರ. ನನ್ನ ನೋಡಾಕ ಬಂದಾಗ ಕಾಲ ನಡಗತಿದ್ದುವಂತ, ಇಷ್ಟ ವರ್ಷದ ಮ್ಯಾಲೆ ಹೇಳಿದ್ರು. ಈ ಮನಶ್ಯಾ ಯಾರಂತ ನನಗ ಗೊತ್ತಾಗಿದ್ದ ಈ ದೋಣ್ಯಾಗ. ಮಾರಾಕ ಬಿಡತೇನೇನು?"

ಹೇಳಿ ಮುಗಿಸಿ, ಹೊಸ ಮದುಮಗಳ ಹಾಗೆ ನಾಚಿಕೊಂಡಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅಂದೇ. ಯಾವ ಕಾಯಿಲೆಯೂ ಇಲ್ಲದ ಹೆಂಗಸು, ಜ್ವರ ಎಂದು ಮಲಗಿದವಳು ಏಳಲಿಲ್ಲ.

ಕೆಲವು ತಿಂಗಳಾದ ಮೇಲೆ ಕಾಕಾ ದೋಣಿಗೆ ಹೋಗಬೇಕು ಅಂದರಂತೆ. ಒಬ್ಬರನ್ನೇ ಬಿಡಲು ಮನಸ್ಸಾಗದೆ ಮಲ್ಲು ನನ್ನನ್ನು ಜೊತೆಗೆ ಕಳಿಸಿದ. ಔಷಧಿಯನ್ನು ಅವರೇ ಫ್ರಿಜ್ಜಿನಲ್ಲಿಟ್ಟರು. ನಡುನೀರಿಗೆ ಬಂದು ಇಂಜಿನ್ ನಿಲ್ಲಿಸಿದರು. ನಾನು ಕಾದೆ. ಅವರು ನೀರು ನೋಡುತ್ತ ಕುಳಿತರು. ತಾಳಲಾರದೆ ನಾನೇ ಕೇಳಿದೆ.

"ಕಾಕಾ, ಆ ಎತ್ತ ಬಿಚಗೊಂಡ ಓಡಿದ್ದ ಕತಿ ಹೇಳ್ರಿ."

"ಸಂಗೊಳ್ಳ್ಯಾಗ ನಮ್ಮ ಮಾವಂದು ಒಂದು ಎತ್ತಿತ್ತು..." ಎಂದು ಶುರು ಮಾಡಿದರು. ಅಭ್ಯಾಸದ ಮೇಲೆ ಖೋಲಿಯ ಬಾಗಿಲ ಕಡೆ ತಿರುಗಿದರು. ಅಲ್ಲಿಗೆ ಮಾತು ನಿಂತಿತು.

"ಮುಂದ ಏನಾತ್ರಿ ಕಾಕಾ?"

ಅವರು ನನ್ನನ್ನು ನೋಡಿ ಮೆತ್ತಗೆ ತಲೆಯಾಡಿಸಿದರು.

"ಮುಂದ ಏನಿಲ್ಲ ತಂಗಿ. ಮಲ್ಲೂಗ ಹೇಳು, ದೋಣಿ ಮಾರಲಿ."