ಯಾರು ಅಳೆದದ್ದು ಸರ್?

ನನ್ನ ಅಕ್ಕನ ಮಗಳನ್ನು ನೋಡಿದವರೆಲ್ಲ ‘ಎಷ್ಟು ಸಾಧು ಹುಡುಗಿ’ ಅನ್ನುತ್ತಾರೆ. ಈಗ ಅವಳು ಆಸ್ಪತ್ರೆಗಳಿಗೆ ಹೋಗಿ ಅಲ್ಲಿನ ಯಂತ್ರಗಳು ಸರಿಯಾದ ಅಂಕಿ ತೋರಿಸುತ್ತಿವೆಯೋ ಇಲ್ಲವೋ ಎಂದು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಮಾತು ಕಡಿಮೆ, ನಗು ಜಾಸ್ತಿ. ಸಾಧುವಂತೆ, ಸಾಧು! ಅವಳನ್ನು ನಾಲ್ಕೈದು ವರ್ಷ ಮನೆಯಲ್ಲಿಟ್ಟುಕೊಂಡವಳು ನಾನು. ನಮ್ಮ ವಂಶದಲ್ಲಿ ಕೋಪ ಬಂದರೆ ಪಾತ್ರೆಗಳು ಹಾರುತ್ತವೆ, ಗಂಟೆಯೊಳಗೆ ಎಲ್ಲ ತಣ್ಣಗಾಗುತ್ತದೆ. ಇವಳದು ಬೂದಿ ಮುಚ್ಚಿದ ಕೆಂಡ.

ಅವಳು ಓದಿದ್ದು ಎಂಜಿನಿಯರಿಂಗ್ ಫಿಸಿಕ್ಸ್. ಅದೇನೆಂದು ನಮ್ಮ ಮನೆಯಲ್ಲಿ ಯಾರಿಗೂ ಒಂದು ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ‘ಎಂಜಿನಿಯರ್ ಆಗ್ತೀಯೋ ವಿಜ್ಞಾನಿ ಆಗ್ತೀಯೋ, ಯಾವುದಾದ್ರೂ ಒಂದು ಕಡೆ ನಿಲ್ಲು’ ಎಂದು ಅವಳಪ್ಪ, ಅಂದರೆ ನನ್ನ ಭಾವ, ಗೊಣಗಿದರು. ‘ಊರಿಗೆಲ್ಲ ಒಂದು ದಾರಿ ಆದ್ರೆ ಎಡವಟ್ಟನಿಗೇ ಒಂದು ದಾರಿ’ ಎಂದು ನನ್ನ ಅಮ್ಮ ನಕ್ಕಳು. ಹುಡುಗಿ ನನಗೆ ಹೇಳಿದ್ದು ಇಷ್ಟು: ‘ಚಿಕ್ಕಮ್ಮ, ಯಂತ್ರ ಮಾಡೋರು ಬೇರೆ, ಅದು ಯಾಕೆ ಹಾಗೇ ನಡೆಯುತ್ತೆ ಅಂತ ಕೇಳೋರು ಬೇರೆ. ನಾವು ಎರಡೂ ತಲೆನೋವು ಹೊತ್ಕೊಳ್ಳೋರು.’

ನಾನು ಶಾಲೆಯ ಯೂನಿಫಾರಂ ಹೊಲಿಯುವವಳು. ಕಾಲೇಜಿನ ಹಿಂದಿನ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಒಂದನ್ನು ಅವಳಿಗೆ ಬಿಟ್ಟುಕೊಟ್ಟೆ. ಅವಳ ಓದೆಲ್ಲ ಕೆಳಗೆ, ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ, ನೀಲಿ ಬಟ್ಟೆಯ ಚೂರುಗಳ ನಡುವೆಯೇ ನಡೆಯುತ್ತಿತ್ತು. ಹಾಗಾಗಿ ಆ ಕಾಲೇಜಿನಲ್ಲಿ ಯಾರು ಕೆಮ್ಮಿದರೂ ನನಗೆ ಗೊತ್ತಾಗುತ್ತಿತ್ತು.

ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಬೆಳಕಿನ ಪ್ರಯೋಗ. ಪೆಟ್ಟಿಗೆಯೊಳಗೆ ಒಂದು ಹಳದಿ ದೀಪ. ಅದರ ಬೆಳಕು ಒಂದು ಸೀಳಿನಿಂದ ಬಂದು ಚಿಕ್ಕ ಗಾಜಿನ ತುಂಡಿನೊಳಗೆ ಹಾಯುತ್ತದೆ. ಆ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು, ಒತ್ತೊತ್ತಾಗಿ. ಗೆರೆಗಳ ದೆಸೆಯಿಂದ ಬೆಳಕು ಪಕ್ಕಕ್ಕೆ ತಿರುಗುತ್ತದೆ. ಪುಟ್ಟ ದೂರದರ್ಶಕವನ್ನು ಸುತ್ತ ತಿರುಗಿಸುತ್ತಾ ಹೋದರೆ ಕತ್ತಲಲ್ಲಿ ಒಂದು ಕಡೆ ಹಳದಿ ಗೆರೆ ಕಾಣುತ್ತದೆ. ಎಷ್ಟು ತಿರುಗಿಸಿದೆವು ಎಂಬ ಕೋನ ಓದಿಕೊಂಡು, ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಗೆರೆ ಎಂದು ನೋಡಿಕೊಂಡು ಲೆಕ್ಕ ಹಾಕಿದರೆ ಹಳದಿ ಬಣ್ಣದ್ದೇ ಆದ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಎಲ್ಲ ಪುಸ್ತಕದಲ್ಲೂ ಇದೆ.

‘ಉತ್ತರ ಮೊದಲೇ ಗೊತ್ತಿದ್ರೆ ಪರೀಕ್ಷೆ ಯಾಕೇ?’ ಎಂದು ನಾನು ಕೇಳಿದ್ದೆ.

‘ಕಣ್ಣಿಟ್ಟು ನೋಡೋದನ್ನ ಕಲಿಯೋಕೆ ಚಿಕ್ಕಮ್ಮ.’

ಆದರೆ ಆ ಪ್ರಯೋಗಾಲಯದ ಮೇಷ್ಟ್ರು ಬೇರೆಯದನ್ನೇ ಕಲಿಸುತ್ತಿದ್ದರು. ಹುಡುಗರು ಅವರಿಗಿಟ್ಟ ಹೆಸರು ‘ಸ್ಟ್ಯಾಂಡರ್ಡು’. ಯಾರು ಏನೇ ಬರೆದು ತಂದರೂ ಕೊನೆಯ ಸಾಲಿಗೇ ಬೆರಳಿಟ್ಟು ‘ಸ್ಟ್ಯಾಂಡರ್ಡ್ ವ್ಯಾಲ್ಯೂಗೆ ಹತ್ರ ಇದೆಯಾ?’ ಎಂದು ಕೇಳುವ ಮನುಷ್ಯ. ಪ್ರತಿ ಮೇಜಿನ ಮೇಲಿನ ಗೋಡೆಗೂ ಅವರೇ ಬರೆದ ಮಾದರಿ ಅಂಕಿಗಳನ್ನು, ಅಳತೆ ಉತ್ತರ ಎರಡನ್ನೂ, ಗಾಜಿನ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು, ಕೆಳಗೆ ರುಜು ಸಮೇತ.

ಇವಳು ಲೆಕ್ಕ ಹಾಕಿದಾಗ ಬಂದದ್ದು ಹಳದಿಯ ಸಂಖ್ಯೆಯಲ್ಲ, ಹಸಿರಿನದು. ಮತ್ತೆ ನೋಡಿದಳು, ಮತ್ತೆ ಹಸಿರೇ. ಕೊನೆಗೆ ಕಂಡದ್ದನ್ನೇ ಬರೆದು, ಮೇಷ್ಟ್ರ ಬಳಿ ಹೋಗಿ ಹೇಳಿದಳು: ‘ಸರ್, ಗಾಜಿನ ಚೀಟಿ ತಪ್ಪಿದೆ ಅನ್ಸುತ್ತೆ. ಚೀಟಿಯಲ್ಲಿ ಬರೆದಷ್ಟು ಗೆರೆ ಇದರಲ್ಲಿ ಇಲ್ಲ.’ ನನಗೆ ಇದು ತಕ್ಷಣ ಅರ್ಥವಾಯಿತು. ಹಿಗ್ಗಿದ ಟೇಪಿನಲ್ಲಿ ಬಟ್ಟೆ ಅಳೆದು ಕತ್ತರಿಸಿದರೆ ಎಂಥ ಕೈಯೇ ಹೊಲಿದರೂ ಅಂಗಿ ದೊಗಳೆಯೇ.

ಆ ಮನುಷ್ಯ ಗಾಜನ್ನು ಕೈಯಲ್ಲಿ ಮುಟ್ಟಲೂ ಇಲ್ಲ. ಅವಳ ಹಾಳೆಯನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿದರು.

‘ನೋಡ್ರಪ್ಪಾ, ಹಳದಿ ದೀಪ ಇಟ್ಕೊಂಡು ಹಸಿರು ಅಂತ ಬರೆದಿದಾಳೆ! ಇಷ್ಟು ವರ್ಷ ಇದೇ ಗಾಜಿನಲ್ಲಿ ಎಲ್ಲರಿಗೂ ಸರಿ ಬಂದಿದೆ, ಇವಳೊಬ್ಬಳಿಗೆ ಗಾಜು ತಪ್ಪಾಯ್ತಂತೆ. ನೋಡದೇನೇ ಏನೋ ಗೀಚಿಬಿಟ್ಟು ಈಗ ಗಾಜಿನ ಮೇಲೆ ಹಾಕ್ತೀಯಲ್ಲ, ಸುಳ್ಳಿ!’

ತರಗತಿ ಘೊಳ್ಳೆಂದು ನಕ್ಕಿತು. ಅದೇ ದಿನ ಅದೇ ಮೇಜಿನಲ್ಲಿ ಕೂತವರಿಗೆ ಪೂರ್ತಿ ಅಂಕ ಬಂದಿತ್ತು. ಹೇಗೆ ಬಂತು ಅನ್ನುತ್ತೀರಿ? ಗೋಡೆ ನೋಡಿ ಉತ್ತರ ಬರೆದು, ಅಲ್ಲಿನ ಕೋನವನ್ನೇ ಚೂರು ಅತ್ತಿತ್ತ ಮಾಡಿ ಕೂತಲ್ಲೇ ಗೀಚಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಿರಾಕಿಗಳು. ಅವರೆಲ್ಲ ಪಾಸು. ಕಣ್ಣಿಟ್ಟು ನೋಡಿದವಳು ಫೇಲು. ಪ್ರಾಕ್ಟಿಕಲ್ ಫೇಲಾದರೆ ಮೂರನೇ ವರ್ಷಕ್ಕೆ ಹೋಗುವಂತಿಲ್ಲ, ಹಾಗಾಗಿ ಒಂದು ವರ್ಷ ಮಣ್ಣುಪಾಲಾಯಿತು. ಮೇಲಿಂದ ‘ಹಸಿರುದೀಪ’ ಎಂಬ ಅಡ್ಡಹೆಸರು ಬೇರೆ. ಅವಳ ತರಗತಿಯವರ ಫೋನ್ ಗ್ರೂಪಿನಲ್ಲಿ ಎಷ್ಟೋ ದಿನ ಹಸಿರು ಚುಕ್ಕೆಗಳದೇ ಸುರಿಮಳೆ. ಅವಳು ಆ ಗ್ರೂಪು ಬಿಡಲಿಲ್ಲ, ಒಂದು ಅಕ್ಷರ ಉತ್ತರವನ್ನೂ ಕೊಡಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದೇ ಬಾಗಿಲವರೆಗೂ ಹೋದೆ. ‘ಅವನ ಮೀಸೆ ಬೋಳಿಸಿ ಬರ್ತೀನಿ, ಬಿಡೇ!’

‘ಬೇಡ ಚಿಕ್ಕಮ್ಮ. ಇದು ನನ್ನ ಸೇಡು, ನಾನೇ ತೀರಿಸ್ಕೋತೀನಿ.’

‘ಏನು ಮಾಡ್ತೀಯ?’

‘ಎಲ್ಲರ ಮುಂದೆ ಸುಳ್ಳಿ ಅಂದ್ರಲ್ಲ, ಅವರೆಲ್ಲರ ಮುಂದೇನೇ ಅದನ್ನ ವಾಪಸ್ ತಗೋಬೇಕು. ತಗೊಳ್ಳೋವರೆಗೂ ಬಿಡಲ್ಲ.’

ಭಾವ ಫೋನಿನಲ್ಲಿ ಬುದ್ಧಿ ಹೇಳಿದರು. ಎರಡನೇ ಸಲ ಫೇಲಾದರೆ ಕಾಲೇಜಿನಿಂದಲೇ ಹೊರಗೆ ಎಂಬ ನಿಯಮ ಅವರಿಗೂ ಗೊತ್ತಿತ್ತು. ‘ಗೋಡೆ ಮೇಲೆ ಏನಿದೆಯೋ ಅದನ್ನೇ ಬರೆದು ಆಚೆ ಬಾಮ್ಮ. ಡಿಗ್ರಿ ಕೈಗೆ ಬಂದಮೇಲೆ ಯಾರ ಹತ್ರ ಬೇಕಾದ್ರೂ ಜಗಳ ಆಡು.’ ಅವಳು ಹೂಂ ಅಂದಳು. ಅವಳ ಹೂಂ ನನಗೆ ಗೊತ್ತಿಲ್ಲವೇ, ಅದು ಊಹೂಂ.

ಮರುವರ್ಷ ತನಗಿಂತ ಚಿಕ್ಕವರ ಜೊತೆ ಕೂತಳು. ಒಂದು ಸಂಜೆ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ನಗತೊಡಗಿದಳು. ನನಗೆ ಗಾಬರಿಯಾಯಿತು.

‘ಚಿಕ್ಕಮ್ಮ, ಅವರೂ ನೋಡಿಲ್ಲ!’

‘ಯಾರೇ?’

‘ಸ್ಟ್ಯಾಂಡರ್ಡು! ಗೋಡೆ ಮೇಲಿರೋ ಕೋನಕ್ಕೇ ದೂರದರ್ಶಕ ತಿರುಗಿಸಿ ನೋಡಿದೆ. ಅಲ್ಲಿ ಬರೀ ಕತ್ತಲು. ಆ ಗಾಜಲ್ಲಿ ಆ ಜಾಗದಲ್ಲಿ ಗೆರೆ ಬರೋಕೆ ಸಾಧ್ಯವೇ ಇಲ್ಲ. ಅವರೂ ಆ ತಪ್ಪು ಚೀಟಿ ನಂಬಿ ಪುಸ್ತಕದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಕೋನ ಬರೆದಿದಾರೆ, ರುಜು ಬೇರೆ ಹಾಕಿದಾರೆ!’

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ‘ನಾಳೆಯೇ ಹೋಗಿ ಪ್ರಿನ್ಸಿಪಾಲರಿಗೆ ಹೇಳು’ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಫೇಲಾದವಳ ಮಾತು ಯಾರು ಕೇಳುತ್ತಾರೆ? ಚೌಕಟ್ಟು ರಾತ್ರೋರಾತ್ರಿ ಮಾಯವಾಗುತ್ತದೆ, ಅಷ್ಟೆ. ಅವಳು ಪರೀಕ್ಷೆಯವರೆಗೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ನನಗೆ ಅದೆಷ್ಟು ಕಷ್ಟವಾಯಿತೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಫೇಲಾದವರಿಗೆ ಫೇಲಾದ ಪ್ರಯೋಗವನ್ನೇ ಮತ್ತೆ ಕೊಡುತ್ತಾರೆ. ಅದೇ ಮೇಜು, ಅದೇ ಗಾಜು. ಹೊರಗಿನ ಕಾಲೇಜಿನಿಂದ ಪರೀಕ್ಷಕಿಯಾಗಿ ಬಂದವರು ದಪ್ಪ ಕನ್ನಡಕದ ವಯಸ್ಸಾದ ಮೇಡಂ. ಇವಳು ಕಂಡ ಕೋನವನ್ನೇ ಬರೆದಳು, ಹಸಿರಿನ ಸಂಖ್ಯೆಯನ್ನೇ ಬರೆದಳು, ಚೀಟಿ ತಪ್ಪಿದೆ ಎಂದು ಕೆಳಗೆ ಸೇರಿಸಿದಳು. ಆಮೇಲೆ ದೂರದರ್ಶಕವನ್ನು ಗೋಡೆಯ ಮೇಲಿನ ಕೋನಕ್ಕೆ ತಿರುಗಿಸಿ ತಿರುಪು ಬಿಗಿದು ಕೈಕಟ್ಟಿ ನಿಂತಳು.

ಮೇಷ್ಟ್ರು ಮೇಡಂ ಜೊತೆ ಬಂದು ಹಾಳೆ ನೋಡಿ ಹಲ್ಲು ಕಿರಿದರು. ‘ಮತ್ತೆ ಹಸಿರಾ? ಮೇಡಂ, ಇವಳದ್ದು ಹೋದ ವರ್ಷವೂ ಇದೇ ಕಥೆ.’

‘ಸರ್, ನಾನೇ ತಪ್ಪು ಜಾಗದಲ್ಲಿ ನೋಡಿರ್ಬಹುದು’ ಎಂದಳು ನಮ್ಮ ಸಾಧು ಹುಡುಗಿ. ‘ಈಗ ನೀವು ಬರೆದಿರೋ ಕೋನಕ್ಕೇ ಇಟ್ಟಿದೀನಿ. ಗೆರೆ ಇದೆಯಾ ಅಂತ ಒಂದ್ಸಲ ನೋಡಿ ಹೇಳ್ತೀರಾ?’

ಆ ಮನುಷ್ಯ ಬಗ್ಗಿದರು, ಒಂದು ಕಣ್ಣು ಮುಚ್ಚಿದರು. ‘ಕಾಣುತ್ತಿಲ್ಲ’ ಅನ್ನುವ ಒಂದು ಮಾತು ಅವರನ್ನು ಉಳಿಸುತ್ತಿತ್ತು. ಎದ್ದು ನಿಂತು ಅವರು ಅಂದದ್ದು: ‘ಇದೆಯಲ್ಲಮ್ಮ! ಢಾಳಾಗಿ ಕಾಣ್ತಿದೆ, ಹಳದಿ ಗೆರೆ. ಮೊದಲು ಹೋಗಿ ಕಣ್ಣು ತೋರಿಸ್ಕೋ.’

ಮೇಡಂ ಕನ್ನಡಕ ತೆಗೆದು ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ.

‘ನಿಮಗೆ ಎಲ್ಲಿ ಕಾಣ್ತು?’ ಎಂದು ಬಗ್ಗಿಕೊಂಡೇ ಕೇಳಿದರು.

‘ನಡುವೇನೇ ಮೇಡಂ.’

‘ನಡುವೆ ಕತ್ತಲಿದೆಯಲ್ಲ. ಪಕ್ಕದಲ್ಲೂ ಕತ್ತಲೇ.’

‘ತಿರುಪು ಜಾರಿರ್ಬೇಕು...’

ಮೇಡಂ ತಾವೇ ತಿರುಪು ಸಡಿಲಿಸಿ, ನಿಧಾನವಾಗಿ ತಿರುಗಿಸಿ, ಗೆರೆ ಸಿಕ್ಕ ಕಡೆ ಕೋನ ಓದಿದರು. ಇವಳ ಹಾಳೆಯ ಜೊತೆ ಹೋಲಿಸಿದರು. ಗೋಡೆಯ ಮೇಲಿದ್ದ ರುಜುವನ್ನು ಒಮ್ಮೆ, ಪಕ್ಕದಲ್ಲಿದ್ದ ಮನುಷ್ಯನ ಮುಖವನ್ನು ಒಮ್ಮೆ ನೋಡಿ, ಅಂಕ ಬರೆದು ಮುಂದಿನ ಮೇಜಿಗೆ ಹೋದರು. ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರಂತೆ. ಆ ಸಂಜೆ ಹುಡುಗಿ ಇದನ್ನೆಲ್ಲ ನನ್ನ ಹೊಲಿಗೆ ಯಂತ್ರದ ದೀಪವನ್ನೇ ದೂರದರ್ಶಕ ಮಾಡಿಕೊಂಡು ಅಭಿನಯಿಸಿ ತೋರಿಸಿದಳು. ನನ್ನ ಹೊಟ್ಟೆ ತಣ್ಣಗಾಯಿತು.

ಅವಳ ಹೊಟ್ಟೆ ತಣ್ಣಗಾಗಲಿಲ್ಲ. ಪಾಸೇನೋ ಆದಳು. ಆದರೆ ಚೌಕಟ್ಟು ಗೋಡೆಯಿಂದ ಇಳಿಯಿತು, ‘ಗಾಜನ್ನ ಇತ್ತೀಚೆಗೆ ಯಾರೋ ಬದಲಾಯಿಸಿದಾರೆ’ ಎಂಬ ಮಾತು ಸ್ಟಾಫ್ ರೂಮಿನಿಂದ ಹೊರಟಿತು. ಅವಳ ಹಳೆಯ ತರಗತಿಯವರಿಗೆ ಅವಳು ಇನ್ನೂ ಹಸಿರುದೀಪವೇ.

‘ಹೋಗ್ಲಿ ಬಿಡೇ, ಗೆದ್ದೆಯಲ್ಲ’ ಎಂದೆ.

‘ಎಲ್ಲಿ ಗೆದ್ದೆ ಚಿಕ್ಕಮ್ಮ? ಅವರ ಬಾಯಿಂದ ಬಂತಾ?’

ಮೂರನೇ ವರ್ಷದಲ್ಲಿ ಅದೇ ಮನುಷ್ಯ ಒಂದು ಪಾಠಕ್ಕೆ ಬಂದರು. ಮೊದಲ ದಿನವೇ ಹಲಗೆಯ ಮೇಲೆ ಯಾವುದೋ ಲೋಹ ಎಷ್ಟು ಶಾಖಕ್ಕೆ ಎಷ್ಟು ಹಿಗ್ಗುತ್ತದೆ ಎಂಬ ಅಂಕಿ ಬರೆದರು. ಮೊದಲ ಬೆಂಚಿನಿಂದ ಇವಳು ಕೈಯೆತ್ತಿದಳು.

‘ಇದನ್ನ ಯಾರು ಅಳೆದದ್ದು ಸರ್?’

‘ಪುಸ್ತಕದಲ್ಲಿದೆ.’

‘ಪುಸ್ತಕದವರಿಗೆ ಯಾರು ಹೇಳಿದ್ರು ಸರ್? ಹೇಗೆ ಅಳೆದ್ರು? ತಪ್ಪಿದ್ರೆ ಎಷ್ಟು ತಪ್ಪಿರ್ಬಹುದು?’

ಅವಳ ಓದಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆಯಂತೆ. ಗದರಿಸುವಂತಿಲ್ಲ, ಉತ್ತರ ಗೊತ್ತಿಲ್ಲ. ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಮರುದಿನ ಇನ್ನೊಂದು ಅಂಕಿ, ಮತ್ತೆ ಅದೇ ಕೈ, ಅದೇ ಮೆತ್ತನೆಯ ದನಿ. ಸ್ವಲ್ಪ ದಿನಕ್ಕೆ ಹಿಂದಿನ ಬೆಂಚಿನಿಂದಲೂ ಆ ಪ್ರಶ್ನೆ ಬರತೊಡಗಿತು. ಆಮೇಲೆ ಕೆಳಗಿನ ವರ್ಷದವರೂ ಕಲಿತರು. ಕ್ಯಾಂಟೀನಿನವನು ಲೋಟದಲ್ಲಿ ಟೀ ಕಡಿಮೆ ಹಾಕಿದರೂ ಹುಡುಗರು ‘ಯಾರು ಅಳೆದದ್ದು?’ ಅನ್ನುತ್ತಿದ್ದರಂತೆ. ಮೇಷ್ಟ್ರು ಅಂಕಿ ಬರೆಯುವ ಮುನ್ನ ತಿರುಗಿ ತಿರುಗಿ ಮೊದಲ ಬೆಂಚನ್ನು ನೋಡುವ ಹಾಗಾಯಿತು. ಬರೆದದ್ದನ್ನು ತಾವೇ ಅಳಿಸುತ್ತಿದ್ದರು. ನಾನು ದಿನಾ ಸಂಜೆ ಇದನ್ನು ಕೇಳಿ ಚಪ್ಪರಿಸಿದೆ. ಪಾಪ ಬಂದರೆ ಬರಲಿ.

ಒಂದು ಭಾನುವಾರ ಮಧ್ಯಾಹ್ನ ಆ ಮನುಷ್ಯ ನನ್ನ ಅಂಗಡಿಗೇ ಬಂದರು. ನಾನು ಕುರ್ಚಿ ತೋರಿಸಲಿಲ್ಲ. ಹುಡುಗಿಯನ್ನು ಕೂಗಿದೆ. ಅವಳು ಮಹಡಿಯಿಂದ ಇಳಿದು ಬಂದಳು.

‘ಆದದ್ದಾಯ್ತಮ್ಮ. ನೀನು ಬರೆದದ್ದೇ ಸರಿ ಇತ್ತು, ಒಪ್ಕೊಂಡೆ. ಆ ಪ್ರಶ್ನೆ ಒಂದನ್ನ ನಿಲ್ಲಿಸು. ತರಗತಿಗೆ ಹೋಗೋಕೇ ಭಯ ಆಗುತ್ತೆ ನನಗೆ.’

‘ನಿಲ್ಲಿಸ್ತೀನಿ ಸರ್. ಆದ್ರೆ ಇದನ್ನ ನೀವು ಚಿಕ್ಕಮ್ಮನ ಮುಂದೆ ಹೇಳಿದ್ರೆ ಏನು ಬಂತು? ನನ್ನನ್ನ ಸುಳ್ಳಿ ಅಂದಾಗ ಚಿಕ್ಕಮ್ಮ ಇರ್ಲಿಲ್ಲ.’ ಫೋನು ತೆಗೆದು ಆ ಹಳೆಯ ಗ್ರೂಪು ತೆರೆದು ಅವರ ಮುಂದೆ ಹಿಡಿದಳು. ‘ಅವತ್ತು ನಕ್ಕವರೆಲ್ಲ ಇದರಲ್ಲಿದಾರೆ. ಇಲ್ಲಿ ಮಾತಾಡಿ, ನಿಮ್ಮ ದನೀನೇ ರೆಕಾರ್ಡ್ ಮಾಡಿ ಕಳಿಸ್ತೀನಿ.’

ಅವರು ನನ್ನ ಮುಖ ನೋಡಿದರು. ನಾನು ಕತ್ತರಿ ಎತ್ತಿಕೊಂಡು ಬಟ್ಟೆ ಕತ್ತರಿಸತೊಡಗಿದೆ.

‘ಆ ದಿನ ಗಾಜಿನಲ್ಲಿ ಏನೋ ದೋಷ ಇದ್ದಿದ್ರಿಂದ...’ ಎಂದು ಶುರುಮಾಡಿದರು. ಅವಳು ಅದನ್ನು ಅಳಿಸಿದಳು.

‘ಗಾಜಿನ ವಿಷಯ ಬೇಡ ಸರ್, ನಿಮ್ಮ ವಿಷಯ ಹೇಳಿ.’

ಎರಡನೇ ಸಲ ದನಿ ಕುಗ್ಗಿತ್ತು. ‘ಅವತ್ತು ಅವಳು ನೋಡಿ ಬರೆದಿದ್ಲು. ನಾನು ಯಾವತ್ತೂ ಆ ಗಾಜಿನಲ್ಲಿ ನೋಡಿರ್ಲಿಲ್ಲ. ನೋಡದೇನೇ ಅವಳನ್ನ ಸುಳ್ಳಿ ಅಂದೆ. ಸುಳ್ಳು ಬರೆದಿದ್ದು ನಾನು.’

ಅವಳು ಪೂರ್ತಿ ಕೇಳಿಸಿಕೊಂಡು ಕಳಿಸಿದಳು. ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಸತ್ಯ ಹೇಳಬೇಕೆಂದರೆ ನನಗೇ ಅಯ್ಯೋ ಅನ್ನಿಸಿತು, ಕುರ್ಚಿ ಎಳೆದು ಹಾಕಿದೆ. ಅವರು ಕೂರಲಿಲ್ಲ.

‘ಹಾಗಾದ್ರೆ ನಾಳೆಯಿಂದ ಆ ಪ್ರಶ್ನೆ ಇರಲ್ಲ ತಾನೇ?’

‘ನಾನು ಕೇಳಲ್ಲ ಸರ್, ಮಾತಂದ್ರೆ ಮಾತು.’

ಅವರು ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು. ಆಗ ಅವಳು ಅದೇ ಮೆತ್ತನೆಯ ದನಿಯಲ್ಲಿ ಅಂದಳು: ‘ಆದ್ರೆ ಉಳಿದವರನ್ನ ನಿಲ್ಲಿಸೋದು ನನ್ನ ಕೈಲಿಲ್ಲ. ಅವರಿಗೆಲ್ಲ ಅಭ್ಯಾಸ ಆಗ್ಬಿಟ್ಟಿದೆ. ಇನ್ಮೇಲೆ ಬರೋರೂ ಕೇಳ್ತಾರೆ.’

ಆ ಮನುಷ್ಯ ಇನ್ನೊಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಬೀದಿಗಿಳಿದು ಹೋದರು. ಅಂದು ನಮ್ಮ ಹುಡುಗಿ ಎರಡು ಸಲ ಬಡಿಸಿಕೊಂಡು ಉಂಡಳು.